ಒಬ್ಬರು ನೋಡುತ್ತಿದ್ದಾರೆ

ಜನವರಿ ೧೨, ಸೋಮವಾರ

ಈ ಹೊಸ ದಿನಚರಿಯ ಮೊದಲ ಪುಟದಲ್ಲಿ, ಸ್ವಸ್ಥ ಚಿತ್ತದಿಂದ, ಅಸ್ವಸ್ಥ ಕಾಲಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ಲೈಲ್ ಪೆನ್ನರ್ ಎಂಬ ನಾನು, ವಯಸ್ಸು ನಲವತ್ತಾರು, ಯಾರ್ಕ್‌ಟನ್ ಊರಿನ ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುವವನು, ಕಳ್ಳ. ಹದಿನಾಲ್ಕು ತಿಂಗಳಿಂದ ಪಕ್ಕದ ಮನೆಯ ವೈ-ಫೈ ಕದಿಯುತ್ತಿದ್ದೇನೆ.

ನಮ್ಮದು ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ ಮನೆ. ಆಚೆ ಸ್ಟೆಫಾ ಅಜ್ಜಿ, ಎಪ್ಪತ್ತೊಂಬತ್ತು ವರ್ಷ. ಈಚೆ ನಾನು. ವಿಚ್ಛೇದನವಾಗಿ ಇಲ್ಲಿಗೆ ಬಂದ ವಾರವೇ ಅಜ್ಜಿ ಒಂದು ರೂಟರ್ ಡಬ್ಬಿ ಹಿಡಿದು ಬಂದು, "ಮಗಾ, ಇದನ್ನ ಸ್ವಲ್ಪ ಹಾಕ್ಕೊಡ್ತೀಯಾ?" ಎಂದರು. ಹಾಕಿಕೊಟ್ಟೆ. ಪಾಸ್‌ವರ್ಡ್ ಅವರಿಗೆ ನೆನಪಿಲ್ಲ, ನನಗಿದೆ. ನೆನಪಿನ ಶಕ್ತಿಯೂ ಅಪರಾಧವೇ? ಬಳಸುವುದಾದರೂ ಎಷ್ಟು, ದಿನಕ್ಕೆ ಮೂರೋ ನಾಲ್ಕೋ ಇ-ಮೇಲ್.

ಈಗ ಒಪ್ಪಿಕೊಳ್ಳುತ್ತಿರುವುದು ಪಶ್ಚಾತ್ತಾಪದಿಂದಲ್ಲ, ಫೆಹರ್ ಮೇಡಂ ಬರೆದ ಪತ್ರದಿಂದ. ಮಗಳ ವಿಷಯ ಇತ್ಯರ್ಥ ಮಾಡಲು ಮಾಜಿ ಹೆಂಡತಿ ಮಾರ್ನಿಯೂ ನಾನೂ ಒಪ್ಪಿ ಇಟ್ಟುಕೊಂಡ ಮಧ್ಯಸ್ಥರು ಅವರು. ಬ್ರಿನ್‌ಗೆ ಹದಿಮೂರು. ಒಂದು ವಾರ ಅಮ್ಮನ ಮನೆ, ಒಂದು ವಾರ ನನ್ನ ಮನೆ. ನವೆಂಬರಿನಲ್ಲಿ, ನನ್ನ ವಾರದಲ್ಲಿ, ಕದ್ದ ವೈ-ಫೈನಲ್ಲಿ ಏನೋ ಆಟವಾಡುತ್ತಾ ಯಾರೋ ಗುರುತಿಲ್ಲದವನಿಗೆ ಈ ಮನೆಯ ವಿಳಾಸ ಕೊಟ್ಟುಬಿಟ್ಟಳು. ಯಾರೂ ಬರಲಿಲ್ಲ, ಏನೂ ಆಗಲಿಲ್ಲ. ಮಾರ್ನಿ ಹೆದರಿದಳು. ನಾನೂ ಹೆದರಿದೆ, ಹೆದರಿದ್ದನ್ನು ತಮಾಷೆ ಮಾಡಿ ಮುಚ್ಚಿಟ್ಟೆ, ಅದನ್ನು ನೋಡಿ ಮಾರ್ನಿ ಇನ್ನಷ್ಟು ಹೆದರಿದಳು.

ಪತ್ರದ ಸಾರ ಇಷ್ಟು. ಸ್ವಂತ ಸಂಪರ್ಕ ಇರಬೇಕು. ಹಿಮ ಬಿದ್ದು ಶಾಲೆ ಮುಚ್ಚಿದ ದಿನ ಮನೆಯಿಂದಲೇ ಪಾಠ ಕೇಳುವಷ್ಟು ವೇಗ ಇರಬೇಕು. 'ಪಾಲಕರ ನಿಯಂತ್ರಣ' ಇರುವ ರೂಟರ್ ಇರಬೇಕು, ವಾರಕ್ಕೊಮ್ಮೆ ಅದರ ವರದಿ ಎರಡೂ ಮನೆಗೆ ಹೋಗಬೇಕು. ಫೆಬ್ರವರಿ ಇಪ್ಪತ್ತಕ್ಕೆ ಪರಿಶೀಲನೆ. ಅಲ್ಲಿಯವರೆಗೆ ಬ್ರಿನ್ ಇಲ್ಲಿ ತಂಗುವಂತಿಲ್ಲ. ಅಂದು ತೃಪ್ತಿಯಾಗದಿದ್ದರೆ ಆಮೇಲೂ ಇಲ್ಲ.

ಪಾಲಕ ಎಂದರೆ ಪಾಲಿಸುವವನೋ, ಮಗುವಿನಲ್ಲಿ ಪಾಲು ಇರುವವನೋ? ನನ್ನ ಪಾಲಿಗೆ ಸದ್ಯ ವಾರಕ್ಕೊಂದು ಫೋನು.

ನಾನೇ ಹೋಗಿ ಅವಳನ್ನು ನೋಡೋಣವೆಂದರೆ ಜನವರಿ ಮೂರರಂದು ಮುಂಬಾಗಿಲ ಮೆಟ್ಟಿಲ ಮೇಲೆ ಜಾರಿ ಬಲಪಾದದ ಕೀಲು ಮುರಿದುಕೊಂಡಿದ್ದೇನೆ. ಮೊಣಕಾಲವರೆಗೆ ಪ್ಲಾಸ್ಟರ್, ಏಳು ವಾರ. ಕಾಲಿಲ್ಲದವನಿಗೆ ಕಾಲವೆಲ್ಲ ಖಾಲಿ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ. ಎಂಜಿನ್ ಹೆಪ್ಪುಗಟ್ಟದಿರಲೆಂದು ಕಾರಿಗೆ ಗೋಡೆಯಿಂದ ವೈರ್ ಚುಚ್ಚಿಟ್ಟಿದ್ದೇನೆ. ಕಾರಿಗೆ ಸಂಪರ್ಕವಿದೆ, ನನಗಿಲ್ಲ.

ಒಂದೇ ಸಮಾಧಾನ, ಬುದ್ಧಿ ಸ್ವತಂತ್ರವಾಗಿದೆ. ಊರಿಗೆ ಊರೇ ಚಳಿಗಾಲವೆಲ್ಲ ಕರ್ಲಿಂಗ್ ಎಂಬ ಹುಚ್ಚಿನಲ್ಲಿ ಮುಳುಗಿರುತ್ತದೆ. ಹಿಡಿಕೆಯಿರುವ ಗುಂಡುಕಲ್ಲನ್ನು ಮಂಜುಗಡ್ಡೆಯ ಮೇಲೆ ದೂರದ ಗುರಿವೃತ್ತದತ್ತ ಜಾರಿಸುವುದು, ಅದು ದೂರ ಹೋಗಲೆಂದು ಇಬ್ಬರು ಮುಂದೆ ಮುಂದೆ ಪೊರಕೆಯಿಂದ ಉಜ್ಜುತ್ತಾ ಓಡುವುದು, ಇನ್ನೊಬ್ಬರು ನಿಂತು "ಜೋರಾಗಿ! ಜೋರಾಗಿ!" ಎಂದು ಅರಚುವುದು. ಮಾರ್ನಿ ಆಡುತ್ತಾಳೆ, ಅವಳ ಅಪ್ಪ ಆಡುತ್ತಾರೆ, ಬ್ರಿನ್ ಆಡುತ್ತಾಳೆ. ವಾರಪತ್ರಿಕೆಯ ನನ್ನ ಹಾಸ್ಯ ಅಂಕಣದಲ್ಲಿ ಸೆಪ್ಟೆಂಬರಿನಲ್ಲೇ ಸಾರಿದ್ದೇನೆ: ಆ ಆಟವನ್ನು ಒಂದು ನಿಮಿಷವೂ ನೋಡದ, ಪೊರಕೆಗೆ ಕೈ ಹಚ್ಚದ ಈ ಊರಿನ ಏಕೈಕ ಗಂಡಸು ನಾನು.

'ನನ್ನ ಮಗಳು ತನ್ನ ಕೋಣೆಯೊಂದನ್ನು ಬಿಟ್ಟು ಊರಿನ ಮಂಜುಗಡ್ಡೆಯನ್ನೆಲ್ಲ ಗುಡಿಸುತ್ತಾಳೆ' ಎಂಬ ಸಾಲೂ ಅದರಲ್ಲಿತ್ತು. ಒಳ್ಳೆಯ ಸಾಲು. ತಂಡದ ಹುಡುಗಿಯರು ಅದನ್ನು ಕತ್ತರಿಸಿ ಅವಳ ಪೊರಕೆಗೆ ಅಂಟಿಸಿದರಂತೆ. ಬ್ರಿನ್ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹೇಳಿದಳು: "ನನ್ನ ಆಟ ನೋಡ್ಬೇಡ ಅಪ್ಪ. ಯಾವತ್ತೂ. ಮಾತು ಕೊಡು."

ಕೊಟ್ಟೆ. ಕೊಡುವುದಕ್ಕೇನು, ನನಗೆ ಹೇಗೂ ಆಸಕ್ತಿಯಿಲ್ಲ.

ಜನವರಿ ೧೩, ಮಂಗಳವಾರ

ರೂಟರ್‌ಗಳ ಬಗ್ಗೆ ಓದಿದೆ. ಎಲ್ಲ ಡಬ್ಬಿಗಳೂ ಅಡಿಮೇಲಾದ ಜೇಡನ ಹಾಗೆ ಕಾಲು ಮೇಲೆತ್ತಿ ಮಲಗಿವೆ. ಮೈತುಂಬ ಅಂಕೆ: ಮೂರು ಸಾವಿರ, ಐದು ಸಾವಿರದ ನಾನೂರು, ಒಂಬತ್ತು ಸಾವಿರದ ಮುನ್ನೂರು. ಇಷ್ಟೊಂದು ಅಂಕೆ ಇದ್ದೂ ಮಗುವನ್ನು ಅಂಕೆಯಲ್ಲಿಡುವ ದಾರಿ ಯಾವುದರಲ್ಲಿದೆ ಎಂದು ಮಾತ್ರ ಬರೆದಿಲ್ಲ. ಓದಿದಷ್ಟೂ ಡಬ್ಬಿಗೆ ವೇಗ, ನನಗೆ ಉದ್ವೇಗ.

ನನಗೆ ವೇಗ ಚೆನ್ನಾಗಿಯೇ ಇರಬೇಕು. ಇ-ಮೇಲ್ ಇರುತ್ತದಲ್ಲ.

ನಾಲ್ಕೂವರೆಯಿಂದ ಆರರವರೆಗೆ ಕೆಲಸವಿತ್ತು.

ಜನವರಿ ೧೫, ಗುರುವಾರ

ಅಜ್ಜಿ ಬೀಟ್‌ರೂಟ್ ಸಾರು ತಂದರು. ನಾನು ಬಿದ್ದ ದಿನದಿಂದ ದಿನಾ ಏನಾದರೊಂದು ತರುತ್ತಾರೆ. ಇಬ್ಬರ ಮೆಟ್ಟಿಲಿಗೂ ಉಪ್ಪು ಹಾಕಿ ಹಿಮ ಕರಗಿಸುವುದು ಅವರ ಪಾಲಿನ ಕೆಲಸ. ಹಾಗಾಗಿ ನನ್ನ ಕಾಲು ಮುರಿದದ್ದು ತಮ್ಮ ತಪ್ಪೆಂದು ನಂಬಿದ್ದಾರೆ.

"ಅವತ್ತು ಬೆಳಿಗ್ಗೆನೇ ಹಾಕಿದ್ದೆ ಮಗಾ. ಎಲ್ಲೋ ಒಂದು ಕಡೆ ಕಮ್ಮಿ ಬಿತ್ತೇನೋ."

"ಬಿಡಿ ಅಜ್ಜಿ, ನನ್ನ ಹಣೆಬರಹ."

"ಆದ್ರೂ ಆ ಚಳೀಲಿ ಬೂಟಿಲ್ದೆ ಬರೀ ಕಾಲುಚೀಲದಲ್ಲಿ ಹೊರಗ್ಯಾಕೆ ಬಂದೆ ಅಂತ."

"ಪೇಪರ್ ತಗೊಳ್ಳೋಕೆ."

"ಶನಿವಾರ ಪೇಪರ್ ಬರಲ್ವಲ್ಲೋ."

"ಅದಕ್ಕೇ ಅಜ್ಜಿ, ಹುಡುಕ್ತಾ ಜಾರಿದೆ."

ತಲೆಯಾಡಿಸಿದರು. ಆಮೇಲೆ ತಮ್ಮ ವೈ-ಫೈ ಕಥೆ ತೆಗೆದರು. ಎಡ್ಮಂಟನ್‌ನಲ್ಲಿರುವ ತಂಗಿಯ ಜೊತೆ ಸಂಜೆ ವಿಡಿಯೊದಲ್ಲಿ ಮಾತಾಡುತ್ತಾರೆ. ಮಂಗಳವಾರ, ಗುರುವಾರ ಮಾತ್ರ ತಂಗಿ ಬಾಯಿ ತೆರೆದುಕೊಂಡೇ ಕಲ್ಲಾಗಿಬಿಡುತ್ತಾಳಂತೆ. "ಅವಳಿಗೆ ಎಪ್ಪತ್ತಾರು. ಕಲ್ಲಾದಾಗೆಲ್ಲ ನಂಗೆ ಎದೆ ಧಸಕ್ ಅನ್ನುತ್ತೆ. ನಿಂಗೂ ಹಾಗಾಗುತ್ತಾ?"

"ನಂಗೂ ಆಗುತ್ತೆ ಅಜ್ಜಿ," ಎಂದೆ. ಸುಳ್ಳಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ಸಂಜೆ ಹೊತ್ತು ಕೂಗ್ಕೊಳ್ತೀಯಲ್ಲ, ಗೋಡೆಯಾಚೆ ಕೇಳ್ಸುತ್ತೆ. ಅಷ್ಟೊಂದು ನೋವಾ?" ಎಂದರು.

ನೋವು ಎಂದೆ.

ಜನವರಿ ೧೮, ಭಾನುವಾರ

ಬ್ರಿನ್ ಫೋನು. ಇಡೀ ವಾರದಲ್ಲಿ ಹದಿನೆಂಟು ನಿಮಿಷ.

"ಯಾವ ರೂಟರ್ ತಗೊಂಡೆ ಅಪ್ಪ?"

"ಇನ್ನೂ ನೋಡ್ತಿದೀನಿ. ನಿನ್ನನ್ನ ಕಟ್ಟಿಹಾಕೋಕೆ ತಕ್ಕಂಥದು ಸಿಗ್ಬೇಕಲ್ಲ."

"ತಮಾಷೆ ಬೇಡ, ಬೇಗ ತಗೋ. ನನ್ನ ಅರ್ಧ ಬಟ್ಟೆ ನಿನ್ನ ಮನೇಲಿದೆ."

ಬಟ್ಟೆಗಾಗಿಯಾದರೂ ಮಗಳು ಬರಲಿ. ಆಟದ ಸುದ್ದಿ ನಾನು ಕೇಳುವಂತಿಲ್ಲ, ಅವಳಾಗಿ ಹೇಳಿದರೆ ಕಿವಿ ಮುಚ್ಚಿಕೊಳ್ಳಲಾಗುವುದಿಲ್ಲ. ಇವತ್ತು ಹೇಳಿದಳು. ಕರ್ಲಿಂಗ್ ಕ್ಲಬ್ಬಿನವರು ಮೇಲೆ ಕ್ಯಾಮೆರಾ ಹಾಕಿ ಅಭ್ಯಾಸವನ್ನೂ ಆಟವನ್ನೂ ನೇರ ಪ್ರಸಾರ ಮಾಡುತ್ತಾರಂತೆ. ಎಷ್ಟು ಜನ ನೋಡುತ್ತಿದ್ದಾರೆಂದು ಕೆಳಗೆ ಬರುತ್ತದಂತೆ.

"ಅಭ್ಯಾಸ ಯಾರು ನೋಡ್ತಾರೆ ಹೇಳು? ಆದ್ರೆ ಯಾರೋ ಒಬ್ರು ಇದಾರೆ ಅಪ್ಪ. ಪ್ರತಿ ಸಲ. 'ಒಬ್ಬರು ನೋಡುತ್ತಿದ್ದಾರೆ' ಅಂತ ಬರುತ್ತೆ, ಆಮೇಲೆ ಸೊನ್ನೆ, ಆಮೇಲೆ ಮತ್ತೆ ಒಂದು. ಮಿಣುಕ್ತಾ ಇರುತ್ತೆ. ನಾವೆಲ್ಲ ಅವರನ್ನ 'ಒಬ್ರು' ಅಂತೀವಿ. ಶುರು ಮಾಡೋ ಮುಂಚೆ 'ಒಬ್ರು ಬಂದ್ರಾ?' ಅಂತ ನೋಡ್ತೀವಿ."

"ಯಾರೋ ಕೆಲಸವಿಲ್ಲದವನು ಇರ್ಬೇಕು."

"ಇರ್ಲಿ ಪಾಪ. ನೋಡ್ತಾರಲ್ಲ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕಿಟಕಿಯ ಮಂಜು ಕೆರೆಯುತ್ತಾ ಕೂತಿದ್ದೆ. ಕೆರೆದಷ್ಟಗಲ ಬೀದಿ ಕಂಡಿತು. ಬೀದಿಯಲ್ಲಿ ಏನೂ ಇರಲಿಲ್ಲ. ಮತ್ತೆ ಮಂಜು ಕಟ್ಟಿತು.

ಜನವರಿ ೨೧, ಬುಧವಾರ

ಅಂಗಡಿಗೆ ಫೋನು. ಅತ್ತ ಡ್ವೇನ್ ಎಂಬ ತರುಣ, ತಾಳ್ಮೆಯ ಮೂರ್ತಿ.

"ಮನೇಲಿ ಎಷ್ಟು ಜನ ಸರ್?"

"ಒಬ್ಬ. ಎಲ್ಲ ಸರಿಹೋದರೆ ಒಂದೂವರೆ."

"ಏನಕ್ಕೆ ಬಳಸ್ತೀರಿ?"

"ಇ-ಮೇಲ್."

"ಇ-ಮೇಲ್‌ಗಾದ್ರೆ ಚಿಕ್ಕದೇ ಸಾಕು ಸರ್."

"ದೊಡ್ಡದು ಕೊಡಪ್ಪ. ನಡುವೆ ಎಲ್ಲೂ ನಿಲ್ಲಬಾರದು. ಒಂದು ಕ್ಷಣವೂ ನಿಲ್ಲಬಾರದು."

"ಇ-ಮೇಲ್ ನಿಲ್ಲಲ್ಲ ಸರ್."

"ನಮ್ಮ ಮನೇಲಿ ನಿಲ್ಲುತ್ತೆ."

ಅವನು ಮೂರು ಹೇಳಿದ. ಮೊದಲನೆಯದರಲ್ಲಿ ವೇಗ ಬಹಳ, ನಿಯಂತ್ರಣ ಮಾತ್ರ ಇಡೀ ಮನೆಗೆ ಒಂದೇ: ಮಗುವಿಗೆ ಬಾಗಿಲು ಹಾಕಿದರೆ ಅಪ್ಪನಿಗೂ ಹಾಕಿದಂತೆ. ಎರಡನೆಯದರಲ್ಲಿ ನಿಯಂತ್ರಣ ಚೆನ್ನಾಗಿದೆ, ಗೋಡೆ ದಾಟಿದರೆ ಸೊರಗುತ್ತದೆ. ಮೂರನೆಯದರಲ್ಲಿ ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ ಕಟ್ಟಳೆ, ಮಲಗುವ ಹೊತ್ತಿಗೆ ತಾನೇ ಮುಚ್ಚುವ ವ್ಯವಸ್ಥೆ, ಅಪರಿಚಿತರ ಹರಟೆಗೆ ತಡೆ, ಯಾವ ಬಗೆಯ ತಾಣ ಎಷ್ಟು ಹೊತ್ತು ಎಂದು ಪ್ರತಿ ಭಾನುವಾರ ಎರಡು ವಿಳಾಸಕ್ಕೆ ವರದಿ. ವೇಗವೂ ಇದೆ.

"ಇದು ಮಕ್ಕಳಿಗೆ ಸಿಂಹಸ್ವಪ್ನ ಸರ್," ಎಂದ ಡ್ವೇನ್.

ಮೂರನೆಯದನ್ನೇ ಕಳಿಸು ಎಂದೆ.

ಜನವರಿ ೨೭, ಮಂಗಳವಾರ

ಮೈನಸ್ ಮೂವತ್ತೆಂಟು. ಸಂಪರ್ಕದ ಕಂಪನಿಯವನು ನಿನ್ನೆಯೇ ಬಂದು ತಂತಿ ಎಳೆದು ಹೋಗಿದ್ದ. ನಿಸ್ತಂತು ಆಗಬೇಕಾದರೂ ಮೊದಲು ತಂತಿ ಬೇಕು. ಇವತ್ತು ಡಬ್ಬಿ ಬಂತು. ತಂದವನು ಗಂಟೆ ಬಾರಿಸಿ, ಮೆಟ್ಟಿಲ ಕೆಳಗಿನ ಹಿಮದ ಗುಡ್ಡೆಯಲ್ಲಿಟ್ಟು ಓಡಿದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಇಳಿದು ತಂದೆ. ಕಾಲೇಜಿನ ವಿದ್ಯಾರ್ಥಿಗಳು ಯಾರೂ ಹಾದುಹೋಗಲಿಲ್ಲ. ದೇವರಿದ್ದಾನೆ.

ಹಚ್ಚಿದೆ. ನಮ್ಮ ಜಾಲಕ್ಕೆ 'ಪಾಲಕನ ಪಾಲು' ಎಂದು ಹೆಸರಿಟ್ಟೆ. ಬ್ರಿನ್ ಹೆಸರಿಗೆ ಕಟ್ಟಳೆಗಳನ್ನೆಲ್ಲ ಬರೆದೆ. ಕೊನೆಯಲ್ಲಿ ರೂಟರ್ ಕೇಳಿತು: ವರದಿಯಲ್ಲಿ ಯಾರ ಯಾರ ಬಳಕೆ ತೋರಿಸಲಿ, ಮಗುವಿನದು ಮಾತ್ರವೋ, ಮನೆಯ ಎಲ್ಲರದೋ? ಎಲ್ಲರದೂ ಎಂದು ಗುರುತು ಹಾಕಿದೆ. ಮಾರ್ನಿ ನೋಡಲಿ, ಫೆಹರ್ ಮೇಡಂ ನೋಡಲಿ. ನನ್ನ ಬದುಕು ತೆರೆದ ಪುಸ್ತಕ.

ಹಚ್ಚಿ ಮುಗಿಯುವುದಕ್ಕೂ ನಾಲ್ಕೂವರೆ ಆಗುವುದಕ್ಕೂ ಸರಿಹೋಯಿತು. ಕೆಲಸ ಮಾಡಿದೆ. ಎಷ್ಟು ಸ್ಪಷ್ಟ! ಕಲ್ಲಿನ ಹಿಡಿಕೆಯ ಬಣ್ಣ ಕೂಡ

ಇ-ಮೇಲ್‌ಗಳು ಬಹಳ ಸ್ಪಷ್ಟವಾಗಿದ್ದವು ಎಂದು ಬರೆಯಲು ಹೊರಟಿದ್ದೆ.

ಜನವರಿ ೩೧, ಶನಿವಾರ

ಅಜ್ಜಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ತಂದರು, ಎರಡು ಡಜನ್. "ನೀನು ನಿನ್ನ ಡಬ್ಬಿ ಹಾಕಿದ ದಿನದಿಂದ ನನ್ನ ತಂಗಿ ಕಲ್ಲಾಗೋದು ನಿಂತೇಹೋಯ್ತು ಮಗಾ! ನಿನ್ನ ಡಬ್ಬಿ ಶಕ್ತಿ ಗೋಡೆ ದಾಟಿ ಬರುತ್ತೆ."

ಕಳ್ಳತನ ನಿಲ್ಲಿಸಿದವನಿಗೆ ದಾನಿಯ ಪಟ್ಟ. ತಿಂದೆ. ಒಂಬತ್ತು ಒಳಗೆ ಹೋದವು.

ಫೆಬ್ರವರಿ ೮, ಭಾನುವಾರ

ಮಾರ್ನಿ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆ ಇತ್ತು. ಹದಿನಾರು ವರ್ಷದ ಪರಿಚಯದಲ್ಲಿ ನಾನು ಹೆದರುವುದು ಆ ಮರ್ಯಾದೆಗೊಂದೇ.

"ಲೈಲ್, ಒಂದು ವಿಷಯ ನೇರವಾಗಿ ಕೇಳ್ತೀನಿ. ನೀನು ಜೂಜಾಡ್ತಿದ್ದೀಯಾ?"

"ಜೂಜಾ? ಇಸ್ಪೀಟಲ್ಲಿ ನಾನು ನಿಮ್ಮಮ್ಮನ ಹತ್ರವೇ ಸೋಲೋನು."

"ವರದಿ ಬಂದಿದೆ. ಬ್ರಿನ್ ಹೆಸರಲ್ಲಿ ಏನೂ ಇಲ್ಲ, ಸರಿ. ನಿನ್ನ ಹೆಸರಲ್ಲಿ 'ನೇರ ಕ್ರೀಡೆ ಮತ್ತು ಪಣ' ಅಂತ ಇದೆ. ಹೋದ ವಾರ ಐದು ಗಂಟೆ, ಈ ವಾರ ಹನ್ನೊಂದು. ನೀನು ಹುಟ್ಟಿದಾಗಿಂದ ಯಾವ ಆಟಾನೂ ನೋಡಿದೋನಲ್ಲ. ಆಟ ನೋಡದೋನು ಹನ್ನೊಂದು ಗಂಟೆ ಅಲ್ಲೇನು ಮಾಡ್ತಾನೆ?"

ವರದಿ ನನಗೂ ಬಂದಿತ್ತು. ನನ್ನ ಬಗ್ಗೆ ನಾನೇ ಏನು ಓದುವುದೆಂದು ತೆರೆದಿರಲಿಲ್ಲ. ಈಗ ತೆರೆದೆ. ಆಟ ನೋಡುವವರನ್ನೂ ಆಟದ ಮೇಲೆ ಪಣ ಕಟ್ಟುವವರನ್ನೂ ಈ ಡಬ್ಬಿ ಒಂದೇ ಹಗ್ಗದಲ್ಲಿ ಕಟ್ಟಿದೆ. ಸಿಂಹಸ್ವಪ್ನ ಎಂದಿದ್ದ ಡ್ವೇನ್. ಯಾರಿಗೆ ಎಂದು ಕೇಳಬೇಕಿತ್ತು.

"ಜೂಜಲ್ಲ ಮಾರ್ನಿ."

"ಮತ್ತೇನು?"

ನಾನು ಏನೋ ತಮಾಷೆ ಹೇಳಿದೆ. ಅವಳು ನಗಲಿಲ್ಲ.

"ಫೆಹರ್ ಮೇಡಂಗೂ ತೋರಿಸ್ತೀನಿ. ನೀನು ಇಪ್ಪತ್ತಕ್ಕೆ ಅವರಿಗೇ ಹೇಳು."

ಫೆಬ್ರವರಿ ೯, ಸೋಮವಾರ

ಹೇಳದಿದ್ದರೆ ನಾನು ಜೂಜುಕೋರ, ಮಗಳನ್ನು ಇಲ್ಲಿಗೆ ಕಳಿಸುವುದಿಲ್ಲ. ಹೇಳಿದರೆ ನಾನು ಮಾತಿಗೆ ತಪ್ಪಿದವನು, ಮಗಳೇ ಇಲ್ಲಿಗೆ ಬರುವುದಿಲ್ಲ.

ಅಡುಗೆಮನೆಯಿಂದ ಕಿಟಕಿಗೆ ಹನ್ನೊಂದು ಕುಂಟುಹೆಜ್ಜೆ. ಕಿಟಕಿಯಿಂದ ಅಡುಗೆಮನೆಗೂ ಹನ್ನೊಂದೇ.

ಫೆಬ್ರವರಿ ೧೦, ಮಂಗಳವಾರ

ನಾಲ್ಕೂವರೆಗೆ ಕೆಲಸವಿರಲಿಲ್ಲ.

ಫೆಬ್ರವರಿ ೧೨, ಗುರುವಾರ

ಇವತ್ತೂ ಇರಲಿಲ್ಲ. ಗಡಿಯಾರ ನೋಡಿದೆ. ಗಡಿಯಾರ ನೋಡಿದ್ದಕ್ಕೆ ವರದಿ ಹೋಗುವುದಿಲ್ಲ.

ಫೆಬ್ರವರಿ ೧೫, ಭಾನುವಾರ

"ನಮ್ ಒಬ್ರು ಹೋಗ್ಬಿಟ್ರು ಅಪ್ಪ."

"ಯಾವ ಒಬ್ರು?" ಎಂದೆ.

"ಅದೇ, ನೋಡ್ತಿದ್ರಲ್ಲ. ಮಂಗಳವಾರ ಸೊನ್ನೆ, ಗುರುವಾರನೂ ಸೊನ್ನೆ. ಯಾರೋ ತುಂಬ ವಯಸ್ಸಾದೋರು ಇರ್ಬೇಕು, ಏನೋ ಆಗಿರ್ಬೇಕು ಅಂತ ಹುಡುಗೀರು ಅಂತಾರೆ. ಗುರುವಾರ ಎಲ್ರೂ ಎಷ್ಟು ಕೆಟ್ಟದಾಗಿ ಆಡಿದ್ವಿ ಗೊತ್ತಾ."

"ಆಡ್ತಿದ್ದೋರು ನೀವು. ನೋಡೋರಿಗೂ ನಿಮ್ಮ ಆಟಕ್ಕೂ ಏನು ಸಂಬಂಧ?"

"ನಿಂಗೆ ಅರ್ಥ ಆಗಲ್ಲ ಬಿಡು," ಎಂದಳು. ಬೇಜಾರಿನಿಂದೇನೂ ಅಲ್ಲ. ಅರ್ಥವಾಗದ ಮನುಷ್ಯರಿಗೆ ಹೇಳುವ ಹಾಗೆ, ಮೆತ್ತಗೆ.

ಹದಿನೆಂಟು ನಿಮಿಷ ಮುಗಿಯುವ ಮುಂಚೆಯೇ ಅವಳಿಗೆ ಊಟಕ್ಕೆ ಕರೆ ಬಂತು.

ಇವತ್ತು ಬೇರೇನೂ ಬರೆಯಲು ತೋಚುತ್ತಿಲ್ಲ. ಅಂಕಣಕ್ಕೂ ಏನೂ ಕಳಿಸಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ.

ಫೆಬ್ರವರಿ ೧೭, ಮಂಗಳವಾರ

ನಾಲ್ಕೂವರೆಗೆ ನೋಡಿದೆ. ನೋಡಿದೆ ಎಂದೇ ಬರೆಯುತ್ತೇನೆ. ಕೆಳಗೆ ಸೊನ್ನೆಯಿತ್ತು, ನಾನು ಹೋದೊಡನೆ ಒಂದಾಯಿತು. ಯಾರೋ ಹುಡುಗಿ ಕ್ಯಾಮೆರಾ ಕಡೆ ಪೊರಕೆ ಎತ್ತಿ ಬೀಸಿದಳು. ಉಳಿದವರೂ ಬೀಸಿದರು. ಮೂರನೆಯವಳು ಬ್ರಿನ್.

ನಾನೂ ಕೈಯೆತ್ತಿದೆ. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಪರವಾಗಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಪರಿಶೀಲನೆ ವಿಡಿಯೊದಲ್ಲೇ ನಡೆಯಿತು. ಫೆಹರ್ ಮೇಡಂ ಒಂದು ಚೌಕದಲ್ಲಿ, ಮಾರ್ನಿ, ಬ್ರಿನ್ ಇನ್ನೊಂದರಲ್ಲಿ. ಹೊಸ ರೂಟರ್ ಎಷ್ಟು ಸ್ಪಷ್ಟವೆಂದರೆ ಮಾರ್ನಿಯ ಹಣೆಯ ಗೆರೆ ಎಣಿಸಬಹುದಿತ್ತು. ಅದರಲ್ಲಿ ನನ್ನವು ಎಷ್ಟೋ.

"ಪೆನ್ನರ್ ಅವರೇ, ರೂಟರ್ ವಿಚಾರದಲ್ಲಿ ನಾವು ಕೇಳಿದ್ದೆಲ್ಲ ಮಾಡಿದ್ದೀರಿ, ಸಂತೋಷ," ಎಂದರು ಫೆಹರ್ ಮೇಡಂ. "ಉಳಿದಿರೋದು ಒಂದೇ. ನಿಮ್ಮ ಹೆಸರಿನ ಈ ಹನ್ನೊಂದು ಗಂಟೆ."

ಮೂರು ತಮಾಷೆ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಮೂರೂ ಚೆನ್ನಾಗಿದ್ದವು.

"ಅದು ಕರ್ಲಿಂಗ್," ಎಂದೆ. "ಬ್ರಿನ್ ತಂಡದ್ದು. ಮಂಗಳವಾರ, ಗುರುವಾರ ಅಭ್ಯಾಸ, ವಾರದ ಕೊನೇಲಿ ಪಂದ್ಯ. ಅಕ್ಟೋಬರಿಂದ ನೋಡ್ತಿದೀನಿ. ಆ ಒಬ್ಬ ನಾನೇ."

ಚಿತ್ರ ಕಲ್ಲಾಯಿತೇನೋ ಎಂದುಕೊಂಡೆ, ಆದರೆ ಮಾರ್ನಿ ಕಣ್ಣು ಮಿಟುಕಿಸಿದಳು. ಡಬ್ಬಿ ಚೆನ್ನಾಗಿಯೇ ಓಡುತ್ತಿತ್ತು.

"ನೋಡಲ್ಲ ಅಂತ ನೀನು ಮಾತು ಕೊಟ್ಟಿದ್ದೆ," ಎಂದಳು ಬ್ರಿನ್.

"ಕೊಟ್ಟಿದ್ದೆ. ತಪ್ಪಿದೆ. ಪೇಪರಲ್ಲಿ ಬರೆದದ್ದೂ ತಪ್ಪು."

"ಬರೆಯಲ್ವಾ ಇದನ್ನೆಲ್ಲ?"

"ಇಲ್ಲ ಮಗಳೇ."

ಅವಳು ಮೇಜಿನ ಮೇಲೆ ಏನನ್ನೋ ಉಗುರಿನಿಂದ ಕೆರೆಯುತ್ತಾ ಕೂತಳು. ಅವಳು ಎದ್ದು ಹೋಗುತ್ತಾಳೆ ಎಂದೇ ನಾನು ಕಾದೆ. ಫೆಹರ್ ಮೇಡಂ ಬಾಯಿ ತೆರೆದರು, ಮಾರ್ನಿ ಕೈಸನ್ನೆಯಿಂದ ತಡೆದಳು.

"ನಂಗೆ ಸ್ವಲ್ಪ ಸಂಶಯ ಇತ್ತು," ಕೊನೆಗೆ ಬ್ರಿನ್ ಎಂದಳು. "ನೀನು ರೂಟರ್ ಹಾಕಿದ ದಿನದಿಂದ ಆ ಒಬ್ರು ಮಿಣುಕೋದು ನಿಂತುಹೋಯ್ತು."

ಇನ್ನಷ್ಟು ಕೆರೆದಳು.

"ಏಳನೇ ತಾರೀಖು, ಮೆಲ್ವಿಲ್ ಊರಿನೋರ ಮೇಲೆ. ನನ್ನ ಕೊನೇ ಕಲ್ಲು ನೋಡಿದ್ಯಾ?"

"ನೋಡ್ದೆ."

"ಯಾಕೆ ತಪ್ಪಿತು?"

"ಕಲ್ಲು ನೀನು ಬಿಟ್ಟದ್ದು ಸರಿಯಾಗೇ ಇತ್ತು. ಗುಡಿಸೋರು ಎರಡು ಹೆಜ್ಜೆ ತಡ ಮಾಡಿದ್ರು."

"ಅಮ್ಮಾ! ನಾನು ಅದನ್ನೇ ಹೇಳ್ಲಿಲ್ವಾ?"

ಮಾರ್ನಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಭುಜ ಕುಲುಕುತ್ತಿತ್ತು. ಕೊನೆಗೆ, "ಹನ್ನೊಂದು ಗಂಟೆ ಲೈಲ್! ನಾನೇ ಅಷ್ಟು ನೋಡಲ್ಲ ಮಾರಾಯ!" ಎಂದಳು.

ಬರುವ ಶುಕ್ರವಾರದಿಂದ ಬ್ರಿನ್‌ನ ವಾರ ಇಲ್ಲಿ. ಅವಳದೂ ಒಂದು ಷರತ್ತು: ನನ್ನ ಹೆಸರಿಗೂ ರೂಟರ್‌ನಲ್ಲಿ ಕಟ್ಟಳೆ ಬೀಳಬೇಕು, ಅದನ್ನು ಬರೆಯುವವಳು ಅವಳು. ಮಂಗಳವಾರ, ಗುರುವಾರ ನಾಲ್ಕೂವರೆಗೆ ಅಪ್ಪನಿಗೆ ಸಂಪರ್ಕ ಬಂದ್. "ಆ ಹೊತ್ತಿಗೆ ಕ್ಲಬ್ಬಿಗೇ ಬಾ. ಹಿಂದಿನ ಬೆಂಚಲ್ಲಿ ಕೂತ್ಕೋ. ಮಾತಾಡ್ಬೇಡ."

ಫೆಬ್ರವರಿ ೨೩, ಸೋಮವಾರ

ಪ್ಲಾಸ್ಟರ್ ಬಿಚ್ಚಿಸಲು ಅಜ್ಜಿಯೇ ತಮ್ಮ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೂಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಮೆಟ್ಟಿಲ ಮೇಲೆ ಬಿದ್ದದ್ದು ಅಂತ ಬರೆದಿದೆ. ಆದ್ರೆ ಈ ಮುರಿತ ತಿರುಚಿಕೊಂಡ ಹಾಗಿದೆ. ಮುಂದಕ್ಕೆ ಜಾರುವಾಗ ಹಿಂದಿನ ಕಾಲು ಮಡಚಿ ಸಿಕ್ಕಿಕೊಂಡ್ರೆ ಹೀಗಾಗುತ್ತೆ. ಚಳಿಗಾಲಕ್ಕೆ ನಾಲ್ಕೈದು ಇಂಥದು ನೋಡ್ತೀನಿ. ನೀವು ಕರ್ಲಿಂಗ್ ಆಡ್ತೀರಾ?"

"ಇವನಾ?" ಅಜ್ಜಿ ನಕ್ಕರು. "ಪೊರಕೇನೇ ಮುಟ್ಟಲ್ಲ ಇವನು. ಪೇಪರಲ್ಲೇ ಹಾಕ್ಸಿದಾನೆ."

ಕಾರಿನಲ್ಲಿ ಕೂತು ಎಂಜಿನ್ ಬೆಚ್ಚಗಾಗುವುದನ್ನು ಕಾಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ಚೀಲ.

"ಉಪ್ಪು ಮಗಾ. ಇನ್ನು ದಿನಕ್ಕೆ ಎರಡು ಸಲ ಹಾಕ್ತೀನಿ. ಮಗು ಬೇರೆ ಬರ್ತಿದೆ. ನನ್ನ ಕೈಯಿಂದ ಇನ್ನೊಂದು ಕಾಲು ಮುರಿಯೋದು ಬೇಡ."

ಆ ಎರಡು ಚೀಲಗಳನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಹೇಳಿಬಿಟ್ಟೆ. ಈ ಪುಸ್ತಕಕ್ಕೂ ಸುಳ್ಳನ್ನೇ ಹೇಳಿರುವುದರಿಂದ ಇಲ್ಲೂ ಬರೆದುಬಿಡುತ್ತೇನೆ.

ಜನವರಿ ಮೂರರಂದು ನಾನು ಮೆಟ್ಟಿಲ ಮೇಲೆ ಜಾರಲಿಲ್ಲ. ಅಂದು ಬ್ರಿನ್ ತಂಡದ ಪಂದ್ಯ. ಕೊನೆಯ ಕಲ್ಲು ಅವಳದು. ಅವಳು ಬಿಟ್ಟಳು, ಕಲ್ಲು ಅರ್ಧ ದಾರಿ ಬಂತು, ಕದ್ದ ವೈ-ಫೈ ನಿಂತಿತು. ಪರದೆಯ ಮೇಲೆ ಕಲ್ಲು ನಡುದಾರಿಯಲ್ಲೇ ಕೂತಿದೆ, ಗುರಿ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಎರಡು ನಿಮಿಷ ಕಾದೆ. ತಡೆಯಲಾಗಲಿಲ್ಲ. ಚಹಾದ ಕೆಟಲ್ ಎತ್ತಿಕೊಂಡೆ, ಅದಕ್ಕೂ ಹಿಡಿಕೆ ಇದೆಯಲ್ಲ. ಅವಳ ಹಾಗೆಯೇ ಬಗ್ಗಿ ಒಲೆಯ ಕಾಲಿಗೆ ಗುರಿಯಿಟ್ಟು ಅಡುಗೆಮನೆಯ ನುಣುಪು ನೆಲದ ಮೇಲೆ ಜಾರಿಸಿ, ಪೊರಕೆ ಹಿಡಿದು, ಬರೀ ಕಾಲುಚೀಲದಲ್ಲಿ ಅದರ ಮುಂದೆ ಉಜ್ಜುತ್ತಾ, "ಜೋರಾಗಿ! ಜೋರಾಗಿ!" ಎಂದು ಅರಚುತ್ತಾ ಓಡಿದೆ. ಎದುರಿಗೆ ಗೋಡೆ ಇದೆಯೆಂಬುದು ನೆನಪಾಗುವಷ್ಟರಲ್ಲಿ ಹಿಂದಿನ ಕಾಲು ಸಿಕ್ಕಿಕೊಂಡು ಬಿದ್ದಾಗಿತ್ತು. ಆಮೇಲೆ, ಜನ ಏನೆಂದಾರು ಎಂದು, ತೆವಳಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಜ್ಜಿಯನ್ನು ಕೂಗಿದೆ.

ಕಳ್ಳತನದ ವಿಷಯವನ್ನೂ ಹೇಳಿದೆ. ಅದರ ಮೇಲೆ ತಿಂದ ಪೆರೋಗಿಯ ಲೆಕ್ಕ ಅವರಿಗೇ ಗೊತ್ತು.

ಅಜ್ಜಿ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದರು. ಏಳು ವಾರ ತಮ್ಮ ತಪ್ಪೆಂದು ಕೊರಗಿದವರು ಒಂದು ಏಟು ಕೊಟ್ಟರೂ ನಾನು ತೆಗೆದುಕೊಳ್ಳುತ್ತಿದ್ದೆ. ಕೊನೆಗೆ, "ನಾನು ಮೂವತ್ತೊಂದು ವರ್ಷ ಆಡಿದೀನಿ ಕಣೋ," ಎಂದರು. ಗೇರ್ ಹಾಕಿ, ನನ್ನ ಕಡೆ ತಿರುಗದೆಯೇ ಕೇಳಿದರು:

"ಕೆಟಲ್ ಎಲ್ಲಿ ಹೋಗಿ ನಿಂತಿತು?"

ಇದನ್ನು ಬ್ರಿನ್‌ಗೂ ಹೇಳುವುದಿಲ್ಲ. ಮುರಿದ ಕಾಲೆಳೆದುಕೊಂಡು ಬಾಗಿಲ ಕಡೆ ತೆವಳುತ್ತಿದ್ದವನು ಅರ್ಧ ದಾರಿಯಲ್ಲಿ ತಿರುಗಿ ಮತ್ತೆ ಅಡುಗೆಮನೆಗೆ ಹೋಗಿದ್ದೆ, ಅಳೆಯುವುದಕ್ಕೆ.

"ಒಲೆಯ ಕಾಲಿಗೆ ಒಂದೂವರೆ ಗೇಣು, ಅಜ್ಜಿ."